ರೋಬೊ ಬಂತು, ಮೊದಲ ಮೆಟ್ಟಿಲು ಹೋಯಿತು

ತಿಂಗಳ 14ನೇ ತಾರೀಕು ಬಂತೆಂದರೆ ಸಯನ್‌ನ ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಯಾರೂ ರಜೆ ಕೇಳುತ್ತಿರಲಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ‘2ಬಿ’ ಎಂಬ ಪಟ್ಟಿ ಸಿದ್ಧವಾಗುವ ದಿನ ಅದು. ನಮಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿರುತ್ತವೆ. 20ರೊಳಗೆ ನಾವು ನಮ್ಮ ‘3ಬಿ’ ರಿಟರ್ನ್ ಸಲ್ಲಿಸಬೇಕು. ನಡುವಿನ ಐದಾರು ದಿನಗಳಲ್ಲಿ ಆ ಪಟ್ಟಿಯನ್ನೂ ನಮ್ಮ ಖರೀದಿ ಪುಸ್ತಕವನ್ನೂ ಬಿಲ್ಲಿಗೆ ಬಿಲ್ಲು ತಾಳೆ ನೋಡಬೇಕು. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಮಾರಿದವನು ತೋರಿಸದ ಬಿಲ್ಲಿಗೆ ಕೊಂಡವನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಸಗಟು ವ್ಯಾಪಾರದಲ್ಲಿ ನೂರು ರೂಪಾಯಿ ಸರಕಿಗೆ ಉಳಿಯುವುದು ಕೆಲವೇ ರೂಪಾಯಿ. 18 ಪರ್ಸೆಂಟ್ ತೆರಿಗೆಯ ಸರಕಿನಲ್ಲಿ ಕ್ರೆಡಿಟ್ ಕೈತಪ್ಪಿದರೆ ಆ ವ್ಯವಹಾರವೇ ನಷ್ಟ.

ಮನೆಬಳಕೆ ಸಾಮಾನುಗಳ ಸಗಟು ವ್ಯಾಪಾರ ಮಾಡುವ ಈ ಕಂಪನಿಗೆ ತಿಂಗಳಿಗೆ ಸುಮಾರು 3,000 ಖರೀದಿ ಬಿಲ್ಲುಗಳು ಬರುತ್ತವೆ. ನಾಲ್ವರು ಗುಮಾಸ್ತರು ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಎಕ್ಸೆಲ್ ತೆರೆದಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತಿದ್ದರು. 18, 19ರ ರಾತ್ರಿ ಸಯನ್ ಸ್ಟೇಷನ್‌ನಿಂದ ಕೊನೆಯ ಲೋಕಲ್ ಹಿಡಿದು ಡೊಂಬಿವಲಿ, ಕಲ್ಯಾಣಕ್ಕೆ ಹೋದವರಿದ್ದಾರೆ. ಈ ಕೆಲಸಕ್ಕೆ ಸಾಫ್ಟ್‌ವೇರ್ ರೋಬೊ ತರೋಣ ಎಂದು ಶಿಫಾರಸು ಮಾಡಿದವನು ನಾನೇ. ಅಳವಡಿಸುವ ಹೊಣೆಯೂ ನನ್ನದೇ ಆಯಿತು. ಹಾಗಾಗಿ ಇದನ್ನು ಹೊರಗೆ ನಿಂತವನ ದೂರು ಎಂದು ಓದಬೇಡಿ.

ರೋಬೊ ಎಂದ ತಕ್ಷಣ ಕೈಕಾಲುಳ್ಳ ಯಂತ್ರ ಕಣ್ಣಮುಂದೆ ಬರುತ್ತದೆ. ಇದಕ್ಕೆ ದೇಹವಿಲ್ಲ. ಫೈಲ್ ತೆರೆಯುವುದು, ಅಂಕಿ ನಕಲು ಮಾಡುವುದು, ಇನ್ನೊಂದು ಕಡೆ ತುಂಬುವುದು, ಹೋಲಿಸುವುದು, ಇಮೇಲ್ ಕಳಿಸುವುದು ಹೀಗೆ ಮನುಷ್ಯ ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸವನ್ನೇ ಹೇಳಿಕೊಟ್ಟ ಕ್ರಮದಲ್ಲಿ ಮಾಡುವ ಪ್ರೋಗ್ರಾಂ ಇದು. ಬ್ರಿಟನ್ನಿನಲ್ಲಿ ಹುಟ್ಟಿದ ಬ್ಲೂ ಪ್ರಿಸಂ, ರುಮೇನಿಯಾದಲ್ಲಿ ಹುಟ್ಟಿದ ಯುಐಪಾತ್, ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಈ ಜಾತಿಯವು. ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಲ್ಲಿ ಇವು ಹಳೆಯ ಸಂಗತಿ. ನಮ್ಮಂಥ ಮಧ್ಯಮ ಗಾತ್ರದ ವ್ಯಾಪಾರಿಗಳ ಬಾಗಿಲಿಗೆ ಇವನ್ನು ತಂದದ್ದು ಒಂದರ್ಥದಲ್ಲಿ ಜಿಎಸ್‌ಟಿಯೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟಿನವರಿಗೆ ಕಡ್ಡಾಯವಾದ ಇ–ಇನ್‌ವಾಯ್ಸ್, 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರಿಗೂ ಬಂತು. ಬಿಲ್ಲು ಕಾಗದ ಬಿಟ್ಟು ಪರದೆಗೆ ಬಂದ ಮೇಲೆ ಅದನ್ನು ಓದಲು ಮನುಷ್ಯನ ಕಣ್ಣೇ ಬೇಕೆಂದಿಲ್ಲ.

ಫಲ ಕೂಡಲೇ ಕಂಡಿತು. ಪೋರ್ಟಲ್‌ಗೆ ಲಾಗಿನ್ ಆಗಿ, ಕ್ಯಾಪ್ಚಾ ತುಂಬಿ ಪಟ್ಟಿ ಇಳಿಸಿಕೊಳ್ಳುವ ಕೆಲಸ ಈಗಲೂ ಮನುಷ್ಯನದೇ. ಆಮೇಲಿನದು ರೋಬೊದ್ದು. ನಾಲ್ವರು ಐದು ದಿನ ಮಾಡುತ್ತಿದ್ದುದು ಒಂದು ಗಂಟೆಯೊಳಗೆ ಮುಗಿಯಿತು. ಹತ್ತರಲ್ಲಿ ಒಂಬತ್ತು ಬಿಲ್ಲುಗಳು ತಾಳೆಯಾಗಿ, ಸುಮಾರು 300 ಮಾತ್ರ ಉಳಿದವು. ಯಾರೂ ಕೊನೆಯ ಲೋಕಲ್‌ಗೆ ಓಡಬೇಕಾಗಲಿಲ್ಲ. ಆ ದುಡಿಮೆಯಲ್ಲಿ ಏನೋ ಪುಣ್ಯವಿತ್ತು ಎಂದು ನಾನು ಹೇಳುವುದಿಲ್ಲ. ಕಣ್ಣು ಉರಿಸಿಕೊಂಡು ಅಂಕಿಗೆ ಅಂಕಿ ಹೊಂದಿಸುವ ಕೆಲಸ ಯಂತ್ರಕ್ಕೆ ಹೋದದ್ದು ಒಳ್ಳೆಯದೇ ಆಯಿತು.

ತೊಡಕಿದ್ದದ್ದು ಆ ಉಳಿದ 300ರಲ್ಲಿ. ಒಬ್ಬರ ಬಿಲ್ಲಿನಲ್ಲಿ ‘0045’ ಇದ್ದರೆ ನಮ್ಮ ಪುಸ್ತಕದಲ್ಲಿ ‘45’. ಇನ್ನೊಬ್ಬರದು ಪೈಸೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು. ಮತ್ತೊಬ್ಬರಿಗೆ ಭಿವಂಡಿಯಲ್ಲೂ ಬೆಂಗಳೂರಿನಲ್ಲೂ ಗೋದಾಮು. ಒಂದರ ಜಿಎಸ್‌ಟಿ ಸಂಖ್ಯೆ ಮಹಾರಾಷ್ಟ್ರದ 27ರಿಂದ, ಇನ್ನೊಂದರದು ಕರ್ನಾಟಕದ 29ರಿಂದ ಶುರು. ಸರಕು ಎಲ್ಲಿಂದ ಹೊರಟಿತು ಎಂದು ಗೊತ್ತಿಲ್ಲದವರು ಯಾವುದೋ ಖಾತೆಗೆ ಬರೆದಿರುತ್ತಾರೆ. ಈ ಪಟ್ಟಿಯನ್ನು ಇನ್ನಷ್ಟು ಚಿಕ್ಕದಾಗಿಸುವ ಆಸೆಯಿಂದ ನಾನೊಂದು ನಿಯಮ ಸೇರಿಸಿದೆ. ಬಿಲ್ ನಂಬರಿನ ಓರೆಗೆರೆ, ಮುಂದಿನ ಸೊನ್ನೆ, ಹಿಂದಿನ ವರ್ಷಸೂಚಿ ಎಲ್ಲವನ್ನೂ ತೆಗೆದು ಉಳಿದ ಅಂಕಿಯನ್ನಷ್ಟೇ ಹೋಲಿಸು ಎಂದೆ. ಮಾರಾಟಗಾರ, ಅಂಕಿ, ಮೊತ್ತ ಮೂರೂ ಮೊದಲೇ ಪುಸ್ತಕದಲ್ಲಿದ್ದರೆ ‘ಎರಡು ಸಲ ಬಂದ ಬಿಲ್ಲು’ ಎಂದು ಗುರುತಿಸಿ ಪಾವತಿ ತಡೆಹಿಡಿ ಎಂದೂ ಹೇಳಿಕೊಟ್ಟೆ.

ನಮಗೆ ರಟ್ಟಿನ ಪೆಟ್ಟಿಗೆ ಕೊಡುವ ಸಣ್ಣ ತಯಾರಕರೊಬ್ಬರು ಪಕ್ಕದ ಧಾರಾವಿಯಲ್ಲಿದ್ದಾರೆ. ಪ್ರತಿ ತಿಂಗಳೂ ಅಷ್ಟೇ ಪೆಟ್ಟಿಗೆ, ಅಷ್ಟೇ ಮೊತ್ತ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾದಾಗ ಎಲ್ಲರಂತೆ ಅವರೂ ಬಿಲ್ ನಂಬರನ್ನು ಮತ್ತೆ 1ರಿಂದ ಆರಂಭಿಸಿದರು. ರೋಬೊಗೆ ಅದು ಹೋದ ವರ್ಷದ ಬಿಲ್ಲಾಗಿಯೇ ಕಂಡಿತು. ಪಾವತಿ ನಿಂತಿತು. ಸಣ್ಣ ಉದ್ದಿಮೆಯವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಆ ವರ್ಷ ಕಳೆಯಲು ಬರುವುದಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅವರು 52ನೇ ದಿನ ಕಚೇರಿಗೆ ಬಂದರು. ಜಗಳಕ್ಕಲ್ಲ. ‘ನನ್ನ ಕಡೆಯಿಂದ ಏನಾದರೂ ತಪ್ಪಾಗಿದೆಯಾ ಸಾಹೇಬರೇ’ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಮೇಜಿನ ಮೇಲಿದ್ದ ರೋಬೊ ವರದಿಯಲ್ಲಿ ‘ದೋಷ: ಸೊನ್ನೆ’ ಎಂದಿತ್ತು.

ತಪ್ಪು ಹಿಡಿದವರು ನಮ್ಮ ಹಿರಿಯ ಗುಮಾಸ್ತರು, ಕಾರ್ಕಳ ಕಡೆಯವರು. ಎರಡು ಬಿಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ‘ಇದಕ್ಕೆ ಏಪ್ರಿಲ್ ತಿಂಗಳು ಗೊತ್ತಿಲ್ಲ ಮಾರಾಯ್ರೆ’ ಎಂದರು. ಎರಡೇ ನಿಮಿಷದ ಕೆಲಸ. ಆ ಎರಡು ನಿಮಿಷದ ಹಿಂದೆ ಮೂವತ್ತು ವರ್ಷದ ಅನುಭವವಿತ್ತು. ನಿಯಮ ಬರೆಯುವಾಗ ನಾನು ಅವರನ್ನು ಕೇಳಿರಲಿಲ್ಲ.

ಅವರು ಆ ಅನುಭವ ಗಳಿಸಿದ್ದು ಹೇಗೆ ಎಂಬುದು ಇಲ್ಲಿ ಮುಖ್ಯ. ಎಂಬತ್ತರ ದಶಕದಲ್ಲಿ ಹುಡುಗನಾಗಿ ಮುಂಬಯಿಗೆ ಬಂದು ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೇಜು ಒರೆಸಿದವರು. ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಎಸ್‌ಎಸ್‌ಸಿ ಮುಗಿಸಿದರು. ಟೈಪಿಂಗ್ ಕಲಿತರು. ಮೊದಲ ಕಚೇರಿ ಕೆಲಸವೆಂದರೆ ಬಿಲ್ಲುಗಳನ್ನು ತಾರೀಕುವಾರು ಜೋಡಿಸಿ ಫೈಲ್ ಮಾಡುವುದು, ಆಮೇಲೆ ಪುಸ್ತಕಕ್ಕೆ ಇಳಿಸುವುದು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಸ್ಥೆಗಳ ರಾತ್ರಿ ಶಾಲೆಗಳಲ್ಲಿ ಕಲಿತ ಎಷ್ಟೋ ಕನ್ನಡಿಗರು ಮುಂಬಯಿಯ ಕಚೇರಿಗಳಿಗೆ ಕಾಲಿಟ್ಟದ್ದು ಇಂಥದೇ ಕೆಲಸದ ಮೂಲಕ. ಸಾವಿರಾರು ಬಿಲ್ಲು ಕೈದಾಟುವಾಗಲೇ ಯಾರ ಬಿಲ್ಲು ಸರಿ, ಯಾರದು ಅನುಮಾನ ಎಂಬ ತಿಳಿವಳಿಕೆ ಬರುವುದು. ಬೇಸರದ ಕೆಲಸವೂ ಅದೇ, ಪಾಠಶಾಲೆಯೂ ಅದೇ. ನಾವು ಬೇಸರವನ್ನು ಕಳೆದೆವು, ಜತೆಗೆ ಪಾಠಶಾಲೆಯೂ ಹೋಯಿತು.

‘ಕಂಪ್ಯೂಟರ್ ಬಂದಾಗಲೂ ಹೀಗೇ ಹೆದರಿದ್ದರು, ಏನಾಯಿತು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬ್ಯಾಂಕುಗಳಲ್ಲಿ ಯಂತ್ರ ತರುವ ಬಗ್ಗೆ 1983ರಲ್ಲಿ ನೌಕರ ಸಂಘಟನೆಗಳಿಗೂ ಬ್ಯಾಂಕುಗಳ ಸಂಘಕ್ಕೂ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಅಲ್ಲಿ ಯಂತ್ರ ಒಪ್ಪಂದದ ಮೂಲಕ, ಹಂತ ಹಂತವಾಗಿ ಒಳಬಂತು. ಮೇಜಿನ ಆಚೆ ಕುಳಿತು ಚೌಕಾಸಿ ಮಾಡುವವರಿದ್ದರು. ನಮ್ಮಲ್ಲಿ ಚೌಕಾಸಿ ಮಾಡುವವರೇ ಇಲ್ಲ. ಏಕೆಂದರೆ ನಾವು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ನಾಲ್ವರಲ್ಲಿ ಇಬ್ಬರು ಬಿಟ್ಟುಹೋದಾಗ ಅವರ ಜಾಗ ತುಂಬಲಿಲ್ಲ, ಅಷ್ಟೇ. ಕೆಲಸ ಕಳೆದುಕೊಂಡವನು ಈ ಕಚೇರಿಯಲ್ಲಿ ಇಲ್ಲ. ಅವನು ಕುಂದಾಪುರದಲ್ಲೋ ಸಿಂದಗಿಯಲ್ಲೋ ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದಾನೆ. ತನಗೆ ಬರಬೇಕಿದ್ದ ಕೆಲಸವೊಂದು ಇಲ್ಲವಾಯಿತು ಎಂಬುದು ಅವನಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವನು ಧರಣಿ ಕೂರುವುದಿಲ್ಲ.

ರೋಬೊವನ್ನು ಹಿಂದಕ್ಕೆ ಕಳಿಸಿ ಎಂಬುದು ನನ್ನ ವಾದವಲ್ಲ. ಅದು ಬರುವಾಗ ಮೂರು ಕಟ್ಟುಪಾಡು ಇರಲಿ ಎನ್ನುತ್ತೇನೆ. ಒಂದು, ನಿಯಮ ಬರೆಯುವಾಗ ಆ ಕೆಲಸ ಮಾಡಿದ ಗುಮಾಸ್ತರು ಪಕ್ಕದಲ್ಲಿ ಕುಳಿತಿರಬೇಕು. ತಾಳೆಯಾಗದ ಬಿಲ್ಲು ಏಕೆ ತಾಳೆಯಾಗಲಿಲ್ಲ, ಹೇಗೆ ಬಗೆಹರಿಯಿತು ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಹಿರಿಯರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ. ಎರಡು, ಸಣ್ಣವರ ಪಾವತಿ ತಡೆಯುವ ಅಧಿಕಾರ ರೋಬೊಗೆ ಬೇಡ. ಅದು ಅನುಮಾನ ಹೇಳಲಿ, ತಡೆಯುವುದಾದರೆ ಒಬ್ಬ ಮನುಷ್ಯ ಸಹಿ ಹಾಕಲಿ. ಧಾರಾವಿಯವರು ಬಂದಾಗ ಉತ್ತರ ಹೇಳಲು ಒಬ್ಬರಿರಬೇಕಲ್ಲ. ಮೂರು, ಉಳಿದ ಆ 300 ಬಿಲ್ಲುಗಳೇ ಹೊಸಬರ ಪಾಠಶಾಲೆಯಾಗಲಿ. ಮೊದಲು 3,000 ಬಿಲ್ಲು ನೋಡಿ ಕಲಿಯುತ್ತಿದ್ದುದನ್ನು, ಹಿರಿಯರೊಬ್ಬರು ಪಕ್ಕದಲ್ಲಿದ್ದರೆ, ಸಿಕ್ಕುಳ್ಳ 300ರಲ್ಲೇ ಕಲಿಯಬಹುದು. ನಮ್ಮ ವಾಣಿಜ್ಯ ಕಾಲೇಜುಗಳೂ ಜರ್ನಲ್ ಎಂಟ್ರಿ ಬರೆಸುವುದರ ಜತೆಗೆ ತಾಳೆಯಾಗದ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಒಂದು ಕಾಲಕ್ಕೆ ರಾತ್ರಿ ಶಾಲೆ ನಡೆಸಿದ ಮುಂಬಯಿಯ ಕನ್ನಡ ಸಂಘಗಳು ವಾರಕ್ಕೆರಡು ಸಂಜೆ ಇಂಥ ತರಗತಿ ನಡೆಸಿದರೆ ಅದು ಹಳೆಯ ಕೆಲಸದ ಮುಂದುವರಿಕೆಯೇ ಆದೀತು.

ಪೆಟ್ಟಿಗೆಯವರ ಹಣ ಅದೇ ದಿನ ಸಂದಾಯವಾಯಿತು. ವರ್ಷಸೂಚಿ ತೆಗೆಯುವ ನಿಯಮವನ್ನೂ ಅಳಿಸಿದೆ. ಖಾಲಿ ಬಿಟ್ಟ ಎರಡು ಹುದ್ದೆಗಳಲ್ಲಿ ಒಂದನ್ನು ಆರು ತಿಂಗಳ ಮಟ್ಟಿಗೆ ತುಂಬಲು ಮಾಲೀಕರು ಒಪ್ಪಿದ್ದಾರೆ. ವಿಜಯಪುರ ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ, ಹಿರಿಯರ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಅವರು ಮುಂದಿನ ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಎಷ್ಟು ಕಲಿತಾಳೋ ಅಷ್ಟು ಉಳಿಯುತ್ತದೆ. ಎರಡನೇ ಹುದ್ದೆ ಇನ್ನೂ ಖಾಲಿಯಿದೆ. ಅದನ್ನು ತುಂಬುವ ಅಗತ್ಯವಿಲ್ಲ ಎಂದು ಹಿಂದೆ ಬರೆದುಕೊಟ್ಟ ಕಾಗದದಲ್ಲಿ ನನ್ನ ಸಹಿಯೇ ಇದೆ.