ಪಟ್ಟಿಯೊಳಗ ಆಕಿ ಹೆಸರಿಲ್ಲ

ವೈನಿ, ಕಾಕು, ಅಕ್ಕಾಗೋಳ, ಈ ಸಲ ಅಡಗಿ ಬಿಟ್ಟು ಪ್ಯಾಟಿ ಸುದ್ದಿ ಬರೀಲಿಕ್ಕತ್ತೀನಿ.

ಮೊನ್ನೆ ಮೆಂತೆಪಲ್ಯೆ ತರಲಿಕ್ಕೆ ಹೋದ್ರ, ಇಪ್ಪತ್ತು ವರ್ಷದಿಂದ ನನಗ ಕೊಡ್ತಿದ್ದ ಅಕ್ಕನೇ ಇಲ್ಲ. ಆಕಿ ಕೂಡೋ ಜಾಗಾದಾಗ ಟೈಲ್ಸ್ ಹಾಕ್ಯಾರ. ಹುಡುಕಿದ್ರ ಗಟಾರದ ಬಾಜೂಕ ಬುಟ್ಟಿ ಇಟಗೊಂಡು ಕೂತಿದ್ಲು. "ಹೊಸಾ ಕಟ್ಟಡದಾಗ ಕಟ್ಟಿ ಕೊಡ್ತೀವಿ ಅಂದಿದ್ರ್ರೀ ಬಾಯಾರ. ಈಗ ಪಟ್ಟಿಯೊಳಗ ನನ್ನ ಹೆಸರೇ ಇಲ್ಲಂತ" ಅಂದ್ಲು. ಕೆಲವರಿಗೆ ಎರಡೆರಡು ಸಿಕ್ಕಾವಂತ. ಹೆಂಗ ಸಿಕ್ಕಾವ ಅಂತ ಕೇಳಿದ್ರ ಎಲ್ಲಾರೂ ನಗತಾರ, ಬಾಯಿ ಬಿಡೂದಿಲ್ಲ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ 2016ರಾಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮ್ಯಾಲೆ ನಮ್ಮಂಥ ಸಣ್ಣ ಊರಿಗೂ ಪ್ಯಾಟಿ ಕೆಡವಿ ಕಟ್ಟೋ ಹುಚ್ಚು ಹಿಡದದ. ಕಟ್ಟಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಹಳೇ ಪ್ಯಾಟ್ಯಾಗ ಮಳಿಗಾಲಕ್ಕ ರಾಡಿ ತುಳದೇವಿ, ಹೆಣ್ಣಮಕ್ಕಳಿಗೆ ಒಂದು ಸಂಡಾಸ ಇರಲಿಲ್ಲ. ಆದರ ಯಾರ ಸಲುವಾಗಿ ಕಟ್ಟಿದ್ರೋ ಅವರೇ ಹೊರಗ ಅಂದ್ರ ಹೆಂಗ?

ನಾವೇನು ಸಾಚಾ ಅಲ್ಲ. ಮನಿ ಖಾತಾ ಬದಲಿ ಮಾಡಿಸೋವಾಗ ಲಗೂ ಆಗ್ಲಿ ಅಂತ ನಮ್ಮನಿಯವರು ಕೈ ಬೆಚ್ಚಗ ಮಾಡಿದ್ರು. ಆ ರೊಕ್ಕ ಸಾಸಿವಿ ಡಬ್ಬಿಯಿಂದ ತಗದು ಕೊಟ್ಟಾಕಿ ನಾನೇ. ನಮ್ಮ ಹತ್ರ ಇತ್ತು, ಕೆಲಸ ಆತು. ಆಕಿ ಹತ್ರ ಇಲ್ಲ, ಜಾಗಾ ಹೋತು. ಲಂಚ ಅಂದ್ರ ಬರೇ ರೊಕ್ಕ ತಿನ್ನೂದಲ್ಲ, ಇನ್ನೊಬ್ಬರ ಪಾಳಿ ತಿನ್ನೂದು ಅಂತ ನನಗ ಮೊನ್ನೆ ತಿಳೀತು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನ ಹೇಳ್ತದ ಗೊತ್ತದೇನು? ಸಮೀಕ್ಷೆ ಮುಗದು, ಪ್ರಮಾಣಪತ್ರ ಕೊಡೂತನಕ ಯಾರನ್ನೂ ಎಬ್ಬಿಸೂಹಂಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯೊಳಗ ಕಡಿಮಿ ಅಂದ್ರೂ 40% ಮಂದಿ ವ್ಯಾಪಾರಿಗಳೇ ಇರಬೇಕು, ಅವರಾಗ ಮೂರನೇ ಒಂದು ಪಾಲು ಹೆಣ್ಣಮಕ್ಕಳು. ಅಂದಮ್ಯಾಲೆ ಜಗಳ ಕಟ್ಟಡದ್ದಲ್ಲ, ಪಟ್ಟಿದು. ಕಳ್ಳತನ ಅಲ್ಲೇ ಶುರು ಆಗ್ತದ, ನಾವೂ ಅಲ್ಲೇ ಹಿಡೀಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಾಗ ಉತ್ತರ ಕೊಡಬೇಕು. ಒಂದು ಕಟ್ಟು ಕೊತ್ತಂಬರಿಗೆ ಇದಕ್ಕಿಂತ ಹೆಚ್ಚು ಕೊಡ್ತೀವಿ. ಸಮೀಕ್ಷೆ ಪಟ್ಟಿ, ಕಟ್ಟಿ ಹಂಚಿದ ಪಟ್ಟಿ, ಎರಡೂ ಕೇಳಿ ನಾ ಅರ್ಜಿ ಬರದಿಟ್ಟೀನಿ. ಡಬ್ಬ್ಯಾಗಿನ ರೊಕ್ಕ ಈ ಸಲರೆ ನೆಟ್ಟಗ ಖರ್ಚಾಗ್ಲಿ.

ಸೋಮವಾರ ಕೊಡಲಿಕ್ಕೆ ಹೋಗ್ತೀನಿ. ಬರೋರು ಹನ್ನೊಂದಕ್ಕ ನಮ್ಮನಿಗೆ ಬರ್ರಿ, ಚಹಾ ಕುಡದು ಕೂಡೇ ಹೋಗೋಣು. ಪಲ್ಯೆ ಅಕ್ಕನೂ ಬರ್ತೀನಿ ಅಂದಾಳ.