ಹತ್ತುವ ಮೊದಲೇ ಹೇಳಬೇಕು

ಜೋಗೇಶ್ವರಿಯಲ್ಲಿ ಇಳಿಯಬೇಕಾದವರು ಚರ್ಚ್‌ಗೇಟಿನಲ್ಲಿ ವಿರಾರ್ ಫಾಸ್ಟ್ ಹತ್ತಿದರೆ ಮುಗಿಯಿತು. ಅಂಧೇರಿ ದಾಟಿದ ಮೇಲೆ ತಮ್ಮ ಸ್ಟೇಷನ್ ಕಿಟಕಿಯಾಚೆ ಓಡಿಹೋಗುವುದನ್ನು ನೋಡುತ್ತ ಬೊರಿವಲಿಗೆ ಹೋಗಬೇಕು. ಅದಕ್ಕೇ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಗಾಡಿಯ ಹೆಸರಿನ ಪಕ್ಕ ‘ಎಫ್’ ಅಕ್ಷರ ಬೆಳಗುವುದು. ಹತ್ತಿದ ಮೇಲೆ ಹೇಳಿದರೆ ಅದು ಎಚ್ಚರಿಕೆಯಲ್ಲ, ಸಂತಾಪ.

ಸಿ ಭಾಷೆಯ ಕಂಪೈಲರುಗಳಿಗೆ ಇಷ್ಟು ಬುದ್ಧಿ ಇನ್ನೂ ಪೂರ್ತಿ ಬಂದಿಲ್ಲ. ಡಬಲ್ ವೇರಿಯಬಲ್‌ನಲ್ಲಿರುವ 99.75 ಅನ್ನು ಇಂಟ್ ವೇರಿಯಬಲ್‌ಗೆ ಹಾಕಿದರೆ ಅದು 99 ಆಗುತ್ತದೆ. ಜಿಸಿಸಿ ತುಟಿ ಬಿಚ್ಚುವುದಿಲ್ಲ. ‘ಡಬ್ಲ್ಯೂ ಆಲ್’ ಆಯ್ಕೆ ಕೊಟ್ಟರೂ ಇಲ್ಲ. ಹೆಸರಿನಲ್ಲಿ ‘ಎಲ್ಲ’ ಇದೆ, ಒಳಗಿಲ್ಲ! ‘ಡಬ್ಲ್ಯೂ ಕನ್ವರ್ಷನ್’ ಎಂದು ಬೇರೆಯಾಗಿ ಕೇಳಿಕೊಳ್ಳಬೇಕು. ಹಾಗೆ ಕೇಳುವವರು ಅಪಾಯ ಗೊತ್ತಿದ್ದವರು. ಗೊತ್ತಿಲ್ಲದವರಿಗೆ ಮಾತ್ರ ಮೌನ. −1 ಅನ್ನು ಅನ್‌ಸೈನ್ಡ್ 1ರೊಡನೆ ಹೋಲಿಸಿದರೆ −1 ದೊಡ್ಡದೆಂಬ ಉತ್ತರ ಬರುತ್ತದೆ. ಇದನ್ನು ಅದೇ ‘ಡಬ್ಲ್ಯೂ ಆಲ್’ ಸಿ++ ಬರೆಯುವವರಿಗೆ ಹೇಳುತ್ತದೆ, ಸಿ ಬರೆಯುವವರಿಗೆ ಹೇಳುವುದಿಲ್ಲ.

ಎಚ್ಚರಿಕೆ ಹೆಚ್ಚಾದರೆ ಯಾರೂ ಓದುವುದಿಲ್ಲ ಎನ್ನುವವರ ಮಾತು ಅರ್ಧ ನಿಜ. ಇಂಟ್ ಅನ್ನು ಲಾಂಗ್‌ಗೆ ಹಾಕಿದಾಗ ಕೂಗುವುದು ಬೇಡ, ಅಲ್ಲಿ ಏನೂ ಕಳೆದುಹೋಗದು. ಕಳೆದುಹೋಗಬಹುದಾದಲ್ಲಿ, ಅರ್ಥ ತಿರುಗಬಹುದಾದಲ್ಲಿ ತಾನಾಗಿಯೇ ಹೇಳಲಿ. ಬರೆದವರು ‘ಹೌದು, ಬೇಕೆಂದೇ’ ಎಂದು ಕಾಸ್ಟ್ ಹಾಕಿದರೆ ಸುಮ್ಮನಾಗಲಿ.

ಕಾಸ್ಟ್ ಹಾಕಿದ ಮಾತ್ರಕ್ಕೆ ಅನಾಹುತ ತಪ್ಪದು, ಅದೂ ನಿಜ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆ 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ. ಅದು ಏಡಾ ಭಾಷೆ, ಪರಿವರ್ತನೆಯನ್ನು ಕೈಯಾರೆ ಬರೆಯಲೇಬೇಕು. ಅಂಥ ಏಳು ಪರಿವರ್ತನೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆಯಿತ್ತು. ಏರಿಯಾನ್ 4ರ ಹಾದಿಗೆ ಅಷ್ಟು ಸಾಕೆಂದು ಮನುಷ್ಯರೇ ತೀರ್ಮಾನಿಸಿದ್ದರು. ತೀರ್ಮಾನ ತಪ್ಪಿತ್ತು, ಆದರೆ ಕೋಡಿನಲ್ಲಿ ಕಾಣುವಂತಿತ್ತು. ತನಿಖೆ ಅದನ್ನು ಎಣಿಸಿ ಹೇಳಬಲ್ಲದಾಗಿತ್ತು. ಸಿ ಭಾಷೆಯಲ್ಲಿ ಅದೇ ತೀರ್ಮಾನ ಒಂದು ‘=’ ಚಿಹ್ನೆಯೊಳಗೆ ಅಡಗಿ ಕೂರುತ್ತದೆ.

ಹಳೆಯ ಕೋಡು ಒಡೆಯುತ್ತದೆಂಬ ಹೆದರಿಕೆಗೆ ಉತ್ತರ ಈಗಾಗಲೇ ಬಂದಿದೆ. 2024ರ ಜಿಸಿಸಿ 14, ಹೊಂದದ ಪಾಯಿಂಟರುಗಳ ನಡುವಿನ ಪರಿವರ್ತನೆ, ಕಾಸ್ಟ್ ಇಲ್ಲದೆ ಇಂಟ್ ಅನ್ನು ಪಾಯಿಂಟರ್ ಮಾಡುವುದು ಮುಂತಾದ, ದಶಕಗಳ ಕಾಲ ಬರೀ ಎಚ್ಚರಿಕೆಯಾಗಿದ್ದ ತಪ್ಪುಗಳನ್ನು ದೋಷವೆಂದೇ ಘೋಷಿಸಿತು. ಹಳೆಯ ಪ್ಯಾಕೇಜುಗಳು ಒಡೆದವು, ಜನ ಕೂತು ತಿದ್ದಿದರು. ಅದೇ ಜಿಸಿಸಿ 14ರಲ್ಲಿ 99.75 ಮಾತ್ರ ಈಗಲೂ ಸದ್ದಿಲ್ಲದೆ 99 ಆಗುತ್ತದೆ.