ಬಾಲಿಕೆಯರ ಕಾಲ್ನಡೆ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ನಾವು ಮಾಡಿಕೊಳ್ಳುವ ಅರಿಕೆಯೊಂದುಂಟು. ಹುಡುಗರು ಗುಡ್ಡತೋಪುಗಳನ್ನು ಅಲೆದು ಬಂದರೆ ಸಂತೋಷಪಡುವ ಹಿರಿಯರು, ಹುಡುಗಿಯರಿಗೆ ಅನುಮತಿ ಕೇಳಿದೊಡನೆ ಬಿಸಿಲು, ದಣಿವು, ಜನರ ಮಾತು ಎಂದು ಹಿಂಜರಿಯುತ್ತಾರೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಸೂಲಿಬೆಲೆಯಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿರುವ ನಲ್ಲೂರಿನ ಹುಣಸೆಯ ತೋಪನ್ನೇ ನೋಡಿರಿ. ಸುಮಾರು 54 ಎಕರೆಗಳ ಈ ತೋಪು 2007ರಲ್ಲಿ ಭಾರತದ ಪ್ರಥಮ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಇಲ್ಲಿ ಚಿಕ್ಕ ಮಕ್ಕಳೂ ಆಯಾಸವಿಲ್ಲದೆ ಮರದಿಂದ ಮರಕ್ಕೆ ನಡೆಯಬಹುದು.

ನಾವು ಬಹುಕಾಲ ಗಿಡಮರಗಳ ಪಾಠವನ್ನು ಕರಿಹಲಗೆಯ ಮೇಲೆ ಬರೆದು ತೃಪ್ತರಾಗಿದ್ದೆವು. ಅದು ನಮ್ಮದೇ ತಪ್ಪು. ಒಮ್ಮೆ ತರಗತಿಯನ್ನು ಆ ತೋಪಿಗೆ ಕರೆದೊಯ್ದಾಗ, ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಮುದಿಮರವೊಂದರ ಪೊಟರೆಯಲ್ಲಿ ಇಣುಕಿ, “ಒಳಗೆಲ್ಲ ಟೊಳ್ಳಾದರೂ ಮೇಲೆ ಹೇಗೆ ಚಿಗುರಿದೆ, ಅಮ್ಮನವರೇ?” ಎಂದಳು. ತೊಗಟೆಯೂ ಅದರಡಿಯ ಎಳೆಯ ಮರವೂ ಜೀವರಸವನ್ನು ಒಯ್ಯುತ್ತವೆಂಬುದನ್ನು ಅಂದು ಎಲ್ಲರೂ ಕಲಿತರು. ಅವಳು ಪ್ರಶ್ನೆ ಕೇಳುವುದನ್ನೂ ಕಲಿತಳು.

ಬೆಟ್ಟದ ಮಾತೂ ಹೀಗೆಯೇ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕೆರೆಗೆ ಬರುತ್ತದೆಂದು ಬಾಯಿಪಾಠ ಮಾಡುವುದಕ್ಕಿಂತ, ಬೆಟ್ಟದ ಮೇಲೆ ನಿಂತು ನೆಲದ ಇಳುಕಲನ್ನು ಕಣ್ಣಾರೆ ಕಾಣುವುದು ಮೇಲು.

ಆದುದರಿಂದ ತಿಂಗಳಿಗೆ ಒಂದು ಬೆಳಗನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕೊಡಿರಿ. ಉಪಾಧ್ಯಾಯಿನಿಯರು ಜೊತೆಗಿರುವರು, ಬುತ್ತಿಯೊಂದಿದ್ದರೆ ಸಾಕು. ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರೇ, ನೀವೂ ಬನ್ನಿರಿ. ನಿಮಗೆ ಅಂದು ದೊರೆಯದ ನಡಿಗೆ, ಮಗಳ ಕೈಹಿಡಿದು ಈಗಲಾದರೂ ದೊರೆಯಲಿ.